ಒಂದೇ ಪರೀಕ್ಷೆಯ ಶಾಲೆ

ನ್ಯೂಯಾರ್ಕಿನ ಸ್ಟೈವಸಂಟ್ ಹೈಸ್ಕೂಲು ಸರ್ಕಾರಿ ಶಾಲೆ. ಫೀಸಿಲ್ಲ. ಇಲ್ಲಿ ಓದಿದ ನಾಲ್ವರಿಗೆ ನೊಬೆಲ್ ಬಂದಿದೆ.

ಸೀಟು ಸಿಗುವುದು ಪ್ರವೇಶ ಪರೀಕ್ಷೆಯ ಅಂಕದ ಮೇಲೆ. ಹಿಂದಿನ ಶಾಲೆಯ ಅಂಕಪಟ್ಟಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. 1971ರ ಕಾನೂನೇ ಹಾಗಿದೆ.

2019ರಲ್ಲಿ 895 ಸೀಟು ಹಂಚಿದರು. ಕಪ್ಪು ವರ್ಣೀಯ ಮಕ್ಕಳಿಗೆ ಸಿಕ್ಕಿದ್ದೆಷ್ಟು? ಬರೀ 7. ಆಗ ನಗರದ ಸರ್ಕಾರಿ ಶಾಲೆಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರು ಕಪ್ಪು ವರ್ಣೀಯರಿದ್ದರು!

ಹಾಗಂತ ಇದನ್ನು ಶ್ರೀಮಂತರ ಕೋಟೆ ಎನ್ನುವಂತಿಲ್ಲ. ಹೆಚ್ಚಿನ ಸೀಟು ಏಷ್ಯಾ ಮೂಲದ ಮಕ್ಕಳದು. ಅವರಲ್ಲಿ ಎಷ್ಟೋ ಮಂದಿಯ ಅಪ್ಪ-ಅಮ್ಮ ವಲಸೆ ಬಂದ ಬಡವರು, ಹೊಟ್ಟೆಬಟ್ಟೆ ಕಟ್ಟಿ ಕೋಚಿಂಗಿಗೆ ದುಡ್ಡು ಹೊಂದಿಸಿದವರು. ಸಿಇಟಿ, ನೀಟ್ ಕಂಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2018ರಲ್ಲಿ ಮೇಯರ್ ಬಿಲ್ ಡಿ ಬ್ಲಾಸಿಯೊ ಪರೀಕ್ಷೆಯನ್ನೇ ತೆಗೆದುಹಾಕಲು ಹೊರಟರು. ಏಷ್ಯನ್ ಪೋಷಕರು ಬೀದಿಗಿಳಿದರು. ಮಸೂದೆ ಶಾಸನಸಭೆ ದಾಟಲಿಲ್ಲ.