ಫಂಕ್ ಆದವನು, ಫ್ಲಂಕ್ ಆದವನು

ಪರೀಕ್ಷೆಗೆ ಹೆದರಿ ಹಾಲ್ ಕಡೆ ತಲೆಯನ್ನೇ ಹಾಕದವನು ಒಬ್ಬ. ಹೋಗಿ, ಮೂರು ಗಂಟೆ ಕೂತು, ಡುಮ್ಕಿ ಹೊಡೆದವನು ಇನ್ನೊಬ್ಬ. ಇಂಗ್ಲಿಷಿನ ಆಡುಮಾತಿನಲ್ಲಿ ಮೊದಲನೆಯವನು ಮಾಡಿದ್ದು ‘ಫಂಕ್’, ಎರಡನೆಯವನು ಮಾಡಿದ್ದು ‘ಫ್ಲಂಕ್’. ಕಿವಿಗೆ ಒಂದು ಲಕಾರದ ವ್ಯತ್ಯಾಸ. ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಒಬ್ಬ ಗೈರು, ಇನ್ನೊಬ್ಬ ನಪಾಸು.

ಫಂಕ್ ಹಳಬ. 18ನೇ ಶತಮಾನದಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಬಾಯಲ್ಲಿ ಓಡಾಡುತ್ತಿದ್ದ ಮಾತು. ಅಂಜಿ ಹಿಂದೆ ಸರಿಯುವುದು ಅದರ ಅರ್ಥ. ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗಳಲ್ಲಿ ಅದೇನು ಸಣ್ಣ ಬೈಗುಳವಲ್ಲ. ಪಿ.ಜಿ. ವುಡ್‌ಹೌಸ್ ಬರೆದ, 1907ರಲ್ಲಿ ಪುಸ್ತಕವಾಗಿ ಬಂದ ‘ದಿ ವೈಟ್ ಫೆದರ್’ ಕಾದಂಬರಿ ನಿಂತಿರುವುದೇ ಇಂಥದೊಂದು ಪುಕ್ಕಲುತನದ ಮೇಲೆ. ಬೀದಿಜಗಳದಲ್ಲಿ ಜೊತೆಗಾರರನ್ನು ಬಿಟ್ಟು ಜಾಗ ಖಾಲಿ ಮಾಡಿದ ಶೀನ್‌ನೊಂದಿಗೆ ಹುಡುಗರು ಮಾತೇ ಬಿಡುತ್ತಾರೆ. ಅವನು ಓದಿನಲ್ಲಿ ಜಾಣ. ಆದರೆ ಅದನ್ನು ಕೇಳುವವರಾರು? ಕೊನೆಗೆ ಅವನು ಬಾಕ್ಸಿಂಗ್ ಕಲಿಯಬೇಕಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕಂದಕದ ಮಣ್ಣಿನ ಗೋಡೆ ಕೊರೆದು, ಸೈನಿಕರು ಮುದುಡಿ ಕೂರುತ್ತಿದ್ದ ಗೂಡಿಗೂ ‘ಫಂಕ್ ಹೋಲ್’ ಎಂಬ ಹೆಸರಿತ್ತು. ಶೆಲ್ ಬೀಳುವಾಗ ಅಲ್ಲಿ ನುಸುಳುವುದು ಹೇಡಿತನವಲ್ಲ, ಬುದ್ಧಿವಂತಿಕೆ. ತಮ್ಮನ್ನು ತಾವೇ ಗೇಲಿ ಮಾಡಿಕೊಂಡ ಹೆಸರು ಅದು.

ಫ್ಲಂಕ್ ಅಮೆರಿಕದ ಕಾಲೇಜುಗಳ ಕೂಸು. ಬೆಂಜಮಿನ್ ಹಾಲ್ 1851ರಲ್ಲಿ ಪ್ರಕಟಿಸಿದ ಕಾಲೇಜು ಪದಗಳ ಸಂಗ್ರಹದಲ್ಲಿ ಅದು ಸಿಗುತ್ತದೆ. ಆಗೆಲ್ಲ ಹುಡುಗರು ತರಗತಿಯಲ್ಲಿ ಪಾಠ ಒಪ್ಪಿಸಬೇಕಿತ್ತು. ಏನೂ ಬಾರದೆ ಪೂರ್ತಿ ಸೋತರೆ ಫ್ಲಂಕ್. ತಡವರಿಸುತ್ತ ಅರೆಬರೆ ಒಪ್ಪಿಸಿದರೆ ಯೇಲ್‌ನಲ್ಲಿ ಅದಕ್ಕೆ ‘ಫಿಜಲ್’. ಸೋಲಿನಲ್ಲೂ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು! ಫಂಕ್‌ನಿಂದಲೇ ಫ್ಲಂಕ್ ಹುಟ್ಟಿರಬಹುದು ಎಂಬ ಊಹೆಯೂ ಇದೆ. ಮೇಷ್ಟ್ರ ಮುಂದೆ ನಿಂತು ಬಾಯಿ ಕಟ್ಟಿಹೋದವರಿಗೆ ಈ ನೆಂಟಸ್ತಿಕೆ ದೂರದ್ದೆನಿಸದು.

ಫ್ಲಂಕ್‌ನಲ್ಲಿ ಒಂದು ಅನುಕೂಲವಿದೆ. ವಿದ್ಯಾರ್ಥಿ ಪರೀಕ್ಷೆಯಲ್ಲಿ ಫ್ಲಂಕ್ ಆಗಬಹುದು, ಮೇಷ್ಟ್ರೂ ಅವನನ್ನು ಫ್ಲಂಕ್ ಮಾಡಬಹುದು. ನಮ್ಮ ಹುಡುಗರೂ ಅಷ್ಟೇ ತಾನೆ: ‘ನಾನು ಪಾಸಾದೆ’, ಆದರೆ ‘ಮೇಷ್ಟ್ರು ಫೇಲ್ ಮಾಡಿದರು’. ಹೆದರಿ ಮನೆಯಲ್ಲೇ ಉಳಿದವನು ತಪ್ಪನ್ನು ಯಾರ ತಲೆಗೆ ಕಟ್ಟಬೇಕು?

ಈಗ ಫಂಕ್‌ಗೆ ಮೊದಲಿನ ಚಲಾವಣೆ ಇಲ್ಲ. ಅಮೆರಿಕನ್ನರು ‘ಇನ್ ಎ ಫಂಕ್’ ಎಂದರೆ ಮಂಕು ಕವಿದಿದೆ ಎಂದರ್ಥ, ಭಯವಲ್ಲ. ಜೇಮ್ಸ್ ಬ್ರೌನ್ ಮೆರೆಸಿದ ಫಂಕ್ ಸಂಗೀತದ ಬೇರಂತೂ ಬೇರೆಯೇ. ಅದು ಗಬ್ಬುವಾಸನೆ ಎಂಬ ಅರ್ಥದ ಹಳೆಯ ಫಂಕ್. ಹಾಗಾಗಿ ಹಳೆಯ ಬ್ರಿಟಿಷ್ ಕಾದಂಬರಿಯಲ್ಲಿ ಯಾರಾದರೂ ಫಂಕ್ ಆದರೆ ಹೆದರಿದ ಎಂದು ಓದಿಕೊಳ್ಳಿ, ಇಂದಿನ ಅಮೆರಿಕದ ಕಥೆಯಾದರೆ ಬೇಸರದಲ್ಲಿದ್ದಾನೆ ಎಂದು. ಫ್ಲಂಕ್ ಆದವನು ಮಾತ್ರ ಎಲ್ಲಿದ್ದರೂ ಮತ್ತೆ ಫೀಸು ಕಟ್ಟಬೇಕಾದವನೇ.