ಹಳೆಯ ಹಾರ್ನ್ ಸ್ಪೀಕರ್: ಗುಜರಿಯೋ, ಆಸ್ತಿಯೋ?

ಹಾರ್ನ್ ಸ್ಪೀಕರ್ ಎಂದರೆ ನಮಗೆಲ್ಲ ತಕ್ಷಣ ನೆನಪಾಗುವುದು ಮಸೀದಿಯ ಮಿನಾರ, ಜಾತ್ರೆಯ ಕಂಬ, ಚುನಾವಣೆಯ ಆಟೊ. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ‘ಭೋಂಗಾ’ ಎನ್ನುತ್ತಾರೆ. ಗಟ್ಟಿಯಾಗಿ ಕೂಗುವವನನ್ನು ಬಯ್ಯಲಿಕ್ಕೂ ಅದೇ ಪದ. ಇಂಥದ್ದನ್ನು ಮನೆಯ ಕೋಣೆಯೊಳಗೆ ಇಟ್ಟುಕೊಂಡು ಇಂಪಾದ ಸಂಗೀತ ಕೇಳುವವರು ಇದ್ದಾರೆ ಎಂದರೆ ನಂಬುವುದು ಕಷ್ಟ. ಆದರೆ ಅಮೆರಿಕ, ಯುರೋಪ್ ಮತ್ತು ಜಪಾನ್‌ನಲ್ಲಿ ಇದೊಂದು ದೊಡ್ಡ ಹವ್ಯಾಸ. 1930ರ, 1950ರ ಹಾರ್ನ್‌ಗಳನ್ನು ಹುಡುಕಿ, ತುಕ್ಕು ತೆಗೆದು, ಸರಿಪಡಿಸಿ ಕೇಳುವುದರಲ್ಲಿ ಆಯುಷ್ಯವನ್ನೇ ಕಳೆದವರಿದ್ದಾರೆ.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇದರಲ್ಲಿ ಎರಡು ಪ್ರಶ್ನೆ ಎದ್ದವು. ಒಂದು, ಇಷ್ಟು ಹಳೆಯ ವಸ್ತುವಿನಲ್ಲಿ ಅಂಥದ್ದೇನಿದೆ? ಎರಡು, ಸವಕಳಿ ಲೆಕ್ಕದ ಪ್ರಕಾರ ಎಂದೋ ಸೊನ್ನೆಯಾಗಬೇಕಿದ್ದ ಅದರ ಬೆಲೆ ಏರಿದ್ದು ಹೇಗೆ? ಎರಡಕ್ಕೂ ಉತ್ತರ ಹುಡುಕುವ ಪ್ರಯತ್ನ ಈ ಲೇಖನ.

ಕ್ಯಾರಂ ಬೋರ್ಡಿನ ಪಾಠ

ಸ್ಪೀಕರಿನೊಳಗೆ ಒಂದು ತಂತಿಯ ಸುರುಳಿ, ಒಂದು ಅಯಸ್ಕಾಂತ ಮತ್ತು ಒಂದು ಪೊರೆ ಇರುತ್ತವೆ. ವಿದ್ಯುತ್ ಹರಿದಾಗ ಸುರುಳಿ ಹಿಂದೆ ಮುಂದೆ ಅಲುಗುತ್ತದೆ. ಅದಕ್ಕೆ ಅಂಟಿದ ಪೊರೆ ಗಾಳಿಯನ್ನು ತಳ್ಳುತ್ತದೆ. ನಮಗೆ ಶಬ್ದ ಕೇಳಿಸುತ್ತದೆ.

ತೊಂದರೆ ಇರುವುದು ತಳ್ಳುವುದರಲ್ಲಿ. ಪೊರೆ ಭಾರ, ಗಾಳಿ ತೀರ ಹಗುರ. ಕ್ಯಾರಂ ಆಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ಟ್ರೈಕರ್ ಹೋಗಿ ಕಾಯಿಗೆ ಬಡಿದರೆ ಕಾಯಿ ರಭಸದಿಂದ ಓಡುತ್ತದೆ. ಕಾಯಿಯ ಜಾಗದಲ್ಲಿ ಒಂದು ಥರ್ಮಾಕೋಲ್ ಗುಂಡು ಇಟ್ಟು ಹೊಡೆಯಿರಿ. ಸ್ಟ್ರೈಕರ್ ಅದನ್ನು ತಳ್ಳಿಕೊಂಡು ಹಾಗೆಯೇ ಮುಂದೆ ಹೋಗುತ್ತದೆ. ಅದರ ಶಕ್ತಿಯಲ್ಲಿ ಗುಂಡಿಗೆ ಸಿಗುವುದು ಅಲ್ಪ. ಮಾಮೂಲಿ ಪೆಟ್ಟಿಗೆ ಸ್ಪೀಕರಿನ ಕಥೆಯೂ ಇದೇ. ನಾವು ಕೊಡುವ ವಿದ್ಯುತ್ತಿನಲ್ಲಿ ಸುಮಾರು ಶೇ. 1ರಷ್ಟು ಮಾತ್ರ ಶಬ್ದವಾಗುತ್ತದೆ. ಉಳಿದದ್ದು ಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತದೆ.

ಹಾರ್ನ್ ಈ ಜಗಳವನ್ನು ಬಗೆಹರಿಸುತ್ತದೆ. ಪೊರೆಯ ಮುಂದೆ ಕಿರಿದಾದ ಗಂಟಲು ಇರುವುದರಿಂದ ಅಲ್ಲಿನ ಗಾಳಿ ಪಕ್ಕಕ್ಕೆ ಜಾರಿಕೊಳ್ಳಲಾರದು. ಒತ್ತಡ ಏರಿ, ಪೊರೆಯ ಪಾಲಿಗೆ ಗಾಳಿ ‘ಭಾರ’ವಾಗುತ್ತದೆ. ಮುಂದೆ ಹಾರ್ನ್ ಮೆಲ್ಲಮೆಲ್ಲನೆ ಅಗಲವಾಗುತ್ತ ಆ ಒತ್ತಡವನ್ನು ದೊಡ್ಡ ಬಾಯಿಯವರೆಗೆ ತಂದು ಹೊರಗಿನ ಗಾಳಿಗೆ ಒಪ್ಪಿಸುತ್ತದೆ. ದೂರದವರನ್ನು ಕರೆಯುವಾಗ ನಾವು ಬಾಯಿಯ ಸುತ್ತ ಎರಡೂ ಕೈ ಹಿಡಿಯುವುದು ಇದೇ ಉಪಾಯ.

ಚಕ್ರಬಡ್ಡಿಯ ಆಕಾರ

ಹಾರ್ನ್ ಮನಸ್ಸಿಗೆ ಬಂದಂತೆ ಅಗಲವಾದರೆ ಸಾಲದು. ಪ್ರಸಿದ್ಧವಾದ ಆಕಾರದಲ್ಲಿ ಅದು ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. (ಬಡ್ಡಿ ನಮಗೆ ಬೇಡ, ಆದರೆ ಅದರ ಲೆಕ್ಕ ಪರೀಕ್ಷೆಗೆ ಬರುತ್ತದೆ!) ಅಂದರೆ ಸಮಾನ ದೂರಕ್ಕೆ ಸಮಾನ ಪ್ರಮಾಣದ ಹೆಚ್ಚಳ. ಗಂಟಲಿನ ವಿಸ್ತೀರ್ಣ 5 ಚದರ ಸೆಂ.ಮೀ. ಇದ್ದು, ಪ್ರತಿ 10 ಸೆಂ.ಮೀ.ಗೆ ಅದು ದುಪ್ಪಟ್ಟಾಗುತ್ತದೆ ಎಂದುಕೊಳ್ಳಿ. 5, 10, 20, 40 ಎಂದು ಹೋಗಿ 90 ಸೆಂ.ಮೀ. ದೂರದಲ್ಲಿ ಅದು 2,560 ಚದರ ಸೆಂ.ಮೀ. ಆಗುತ್ತದೆ. ಬಾಯಿಯ ಅಗಲ ಸುಮಾರು 57 ಸೆಂ.ಮೀ. ಇಂಥ ಹಾರ್ನ್ ಸುಮಾರು 190 ಹರ್ಟ್ಸ್‌ಗಿಂತ ಮೇಲಿನ ಸ್ವರಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕಿಂತ ತಗ್ಗಿನ ಸ್ವರವನ್ನು ಕೈಬಿಡುತ್ತದೆ.

ತಗ್ಗಿನ ಸ್ವರ ಬೇಕಾದರೆ ಹಾರ್ನ್ ಇನ್ನೂ ನಿಧಾನವಾಗಿ ಅಗಲವಾಗಬೇಕು, ಇನ್ನೂ ಉದ್ದವಿರಬೇಕು, ಬಾಯಿಯೂ ದೊಡ್ಡದಿರಬೇಕು. 50 ಹರ್ಟ್ಸ್ ಶಬ್ದದ ಒಂದು ಅಲೆಯ ಉದ್ದವೇ ಸುಮಾರು 7 ಮೀಟರ್. ಅದಕ್ಕೆ ತಕ್ಕ ಹಾರ್ನಿನ ಬಾಯಿ 2 ಮೀಟರಿಗೂ ಅಗಲ! ಅಷ್ಟು ದೊಡ್ಡದನ್ನು ಮನೆಯಲ್ಲಿ ಎಲ್ಲಿಡುವುದು? ಅದಕ್ಕೇ ಹಾರ್ನನ್ನು ಮಡಚುವ ಉಪಾಯ ಹುಟ್ಟಿತು.

ಸಿನಿಮಾ ಮಂದಿರದಿಂದ ಮನೆಗೆ

ಆರಂಭದ ಆಂಪ್ಲಿಫೈಯರ್‌ಗಳಿಗೆ ಬಲ ಕಡಿಮೆ. ಕೆಲವೇ ವ್ಯಾಟ್‌ಗಳಲ್ಲಿ ಸಾವಿರಾರು ಜನರಿಗೆ ಕೇಳಿಸಬೇಕಿತ್ತು. ಹಾರ್ನ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. 1919ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯಾಗೊದ ಕ್ರೀಡಾಂಗಣದಲ್ಲಿ ಭಾರೀ ಜನಸ್ತೋಮವನ್ನು ಉದ್ದೇಶಿಸಿ ಮಾತಾಡಿದ್ದು ಮ್ಯಾಗ್ನವಾಕ್ಸ್ ಹಾರ್ನ್‌ಗಳ ಮೂಲಕ. 1926ರಲ್ಲಿ ‘ಡಾನ್ ಜುವಾನ್’ ಚಿತ್ರ ಧ್ವನಿಯೊಂದಿಗೆ ಬಂದಾಗ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾರ್ನ್‌ಗಳು ಸಿನಿಮಾ ಮಂದಿರಗಳಿಗೆ ಕಾಲಿಟ್ಟವು. ಅವುಗಳ ಹಿಂದಿದ್ದ ‘555’ ಎಂಬ ಡ್ರೈವರ್ ಯೂನಿಟ್‌ಗೆ ಇಂದಿಗೂ ಹವ್ಯಾಸಿಗಳು ಮುಗಿಬೀಳುತ್ತಾರೆ.

ಮುಂದೆ ಎಂಜಿಎಂ ಸ್ಟುಡಿಯೊದ ಡಗ್ಲಸ್ ಶಿಯರರ್ ತಂಡ ತಗ್ಗಿನ ಸ್ವರಕ್ಕೊಂದು, ಏರು ಸ್ವರಕ್ಕೊಂದು ಹಾರ್ನ್ ಇರುವ ವ್ಯವಸ್ಥೆಯನ್ನು ರೂಪಿಸಿ, 1936ನೇ ಸಾಲಿನ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಪಡೆಯಿತು. ಆ ಕೆಲಸದಲ್ಲಿ ಕೈಜೋಡಿಸಿದವರಲ್ಲಿ ಜೇಮ್ಸ್ ಬಿ. ಲ್ಯಾನ್ಸಿಂಗ್ ಒಬ್ಬರು. ಅವರು ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿಯಲ್ಲಿದ್ದಾಗ 1945ರಲ್ಲಿ ‘ವಾಯ್ಸ್ ಆಫ್ ದಿ ಥಿಯೇಟರ್’ ಎಂಬ ಸ್ಪೀಕರ್ ಸರಣಿ ಬಂತು. 1946ರಲ್ಲಿ ಅವರು ಹೊರಬಂದು ಸ್ವಂತ ಕಂಪನಿ ಕಟ್ಟಿದರು. ಅವರ ಹೆಸರಿನ ಮೊದಲಕ್ಷರಗಳೇ ಜೆಬಿಎಲ್. ನಮ್ಮಲ್ಲಿ ಕೆಲವರ ಬ್ಯಾಗಿನಲ್ಲಿರುವ ಬ್ಲೂಟೂತ್ ಸ್ಪೀಕರಿನ ಮೇಲೆ ಇರುವುದು ಇದೇ ಹೆಸರು!

ಅದೇ 1946ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ಹೋಪ್ ಎಂಬ ಸಣ್ಣ ಊರಿನಲ್ಲಿ ಪಾಲ್ ಕ್ಲಿಪ್ಶ್ ಎಂಬ ಎಂಜಿನಿಯರ್ ತಮ್ಮ ಕಂಪನಿ ತೆರೆದರು. ತಗ್ಗಿನ ಸ್ವರದ ಹಾರ್ನನ್ನು ಪೆಟ್ಟಿಗೆಯೊಳಗೆ ಮಡಚಿ, ಪೆಟ್ಟಿಗೆಯನ್ನು ಕೋಣೆಯ ಮೂಲೆಯಲ್ಲಿ ನಿಲ್ಲಿಸಿ, ಎರಡು ಗೋಡೆಗಳನ್ನೇ ಹಾರ್ನಿನ ಮುಂದುವರಿಕೆಯಾಗಿ ಬಳಸುವುದು ಅವರ ಉಪಾಯ. ಆ ‘ಕ್ಲಿಪ್ಶ್‌ಹಾರ್ನ್’ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 105 ಡೆಸಿಬೆಲ್ ಶಬ್ದ ಕೊಡುತ್ತದೆಂದು ಕಂಪನಿಯ ಲೆಕ್ಕ. ಮನೆಯ ಸಣ್ಣ ಸ್ಪೀಕರ್ ಅಷ್ಟೇ ವಿದ್ಯುತ್ತಿಗೆ ಕೊಡುವುದು ಸುಮಾರು 85. ಪ್ರತಿ 10 ಡೆಸಿಬೆಲ್‌ಗೆ ಶಕ್ತಿ 10 ಪಟ್ಟಾಗುವುದರಿಂದ 20 ಡೆಸಿಬೆಲ್ ಅಂತರವೆಂದರೆ 100 ಪಟ್ಟು. ಒಂದಕ್ಕೆ 1 ವ್ಯಾಟ್ ಸಾಕಾದಲ್ಲಿ ಇನ್ನೊಂದಕ್ಕೆ 100 ವ್ಯಾಟ್ ಬೇಕು.

ಮೋಹ ಯಾಕೆ?

ಹಾರ್ನಿನಲ್ಲಿ ಪೊರೆ ಕೂದಲೆಳೆಯಷ್ಟು ಅಲುಗಿದರೂ ಸಾಕಷ್ಟು ಶಬ್ದ ಬರುತ್ತದೆ. ಕಡಿಮೆ ಅಲುಗಾಟವೆಂದರೆ ಕಡಿಮೆ ವಿಕಾರ. ತಬಲಾದ ಪೆಟ್ಟು, ಹಾಡುಗಾರನ ಉಸಿರು ಥಟ್ಟನೆ ಎದುರಿಗೇ ಬಂದಂತೆ ಕೇಳಿಸುತ್ತವೆ. ಮೆಲುದನಿಯಿಂದ ಏರುದನಿಗೆ ಜಿಗಿಯುವಾಗ ಸ್ಪೀಕರ್ ಏದುಸಿರು ಬಿಡುವುದಿಲ್ಲ.

ಕೊರತೆಗಳೂ ಇವೆ. ಆಕಾರ ಸರಿಯಿಲ್ಲದ ಹಾರ್ನ್ ಕೊಳವೆಯೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ಲೋಹದ ತೆಳು ಹಾರ್ನ್ ತಟ್ಟೆಯಂತೆ ಕಿಣಿಗುಟ್ಟುತ್ತದೆ. ಏರು ಸ್ವರಗಳು ನೇರವಾಗಿ ಮುಂದಕ್ಕೆ ಹೋಗುವುದರಿಂದ ಪಕ್ಕದಲ್ಲಿ ಕುಳಿತವರಿಗೆ ಅದೇ ರುಚಿ ಸಿಗದು. ಜಾಗವಂತೂ ಬಹಳ ಬೇಕು.

ಸವಕಳಿಗೆ ಸಿಗದ ಬೆಲೆ

ಈಗ ನಮ್ಮ ವಿಷಯಕ್ಕೆ ಬರೋಣ. 5,000 ರೂಪಾಯಿಯ ಯಂತ್ರಕ್ಕೆ 10 ವರ್ಷ ಆಯುಷ್ಯವೆಂದು ಹಿಡಿದರೆ ನೇರ ರೇಖಾ ಪದ್ಧತಿಯಲ್ಲಿ ವರ್ಷಕ್ಕೆ 500 ರೂಪಾಯಿ ಸವಕಳಿ. ಹತ್ತನೇ ವರ್ಷ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ. ಸಿನಿಮಾ ಮಂದಿರಗಳು ಹಳೆಯ ಹಾರ್ನ್‌ಗಳನ್ನು ಕಿತ್ತು ಗುಜರಿಗೆ ಹಾಕಿದ್ದು ಈ ದೃಷ್ಟಿಯಿಂದಲೇ. ಆಂಪ್ಲಿಫೈಯರ್ ಶಕ್ತಿ ಅಗ್ಗವಾದ ಮೇಲೆ ದೊಡ್ಡ ಹಾರ್ನ್ ಯಾರಿಗೂ ಬೇಡವಾಯಿತು.

ಬೇಡಿಕೆ ಹುಟ್ಟಿದ್ದು ಇನ್ನೊಂದು ಕಡೆಯಿಂದ. ಜಪಾನ್‌ನಲ್ಲಿ ಕಾಫಿ ಕುಡಿಯುತ್ತ ಮೌನವಾಗಿ ಕುಳಿತು ರೆಕಾರ್ಡ್ ಕೇಳುವ ಜಾಝ್ ಅಂಗಡಿಗಳಿವೆ. ಅಲ್ಲಿ ಹಳೆಯ ಜೆಬಿಎಲ್, ಆಲ್ಟೆಕ್ ಸ್ಪೀಕರ್‌ಗಳಿಗೆ ದೊಡ್ಡ ಮರ್ಯಾದೆ. ಜಪಾನಿನ ಸಂಗ್ರಾಹಕರು ಅಮೆರಿಕದಿಂದಲೇ ಅವನ್ನು ಕೊಂಡು ತರಿಸಿದರು. ಪೂರೈಕೆ ಹೆಚ್ಚುವಂತಿಲ್ಲ, ಏಕೆಂದರೆ 1930ರ ಹಾರ್ನನ್ನು ಇಂದು ತಯಾರಿಸಲಾಗದು. ಬೇಡಿಕೆ ಮಾತ್ರ ಏರಿತು. ಬೆಲೆ ಎತ್ತ ಹೋಗುತ್ತದೆಂದು ಮೊದಲ ಪಿಯುಸಿಯವರೂ ಹೇಳಬಲ್ಲರು.

ಅಯಸ್ಕಾಂತದ ಕಥೆ ಇನ್ನೂ ಸ್ವಾರಸ್ಯ. ಹಳೆಯ ಯೂನಿಟ್‌ಗಳಲ್ಲಿ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆಸಿದ ‘ಆಲ್ನಿಕೊ’ ಅಯಸ್ಕಾಂತ ಇರುತ್ತಿತ್ತು. 1978ರಲ್ಲಿ ಆಫ್ರಿಕದ ಝಾಯಿರ್‌ನಲ್ಲಿ, ಅಂದರೆ ಇಂದಿನ ಕಾಂಗೊದಲ್ಲಿ, ಗಣಿಪ್ರದೇಶದ ಸುತ್ತ ಯುದ್ಧ ನಡೆದು ಕೋಬಾಲ್ಟ್ ಬೆಲೆ ಗಗನಕ್ಕೇರಿತು. ಸ್ಪೀಕರ್ ಕಂಪನಿಗಳು ಅಗ್ಗದ ಫೆರೈಟ್‌ಗೆ ತಿರುಗಿದವು. ಎಲ್ಲೋ ನಡೆದ ಯುದ್ಧದಿಂದಾಗಿ ‘ಆಲ್ನಿಕೊ ಕಾಲದ ಸ್ಪೀಕರ್’ ಎಂಬುದೇ ಒಂದು ಪ್ರತ್ಯೇಕ ಸರಕಾಯಿತು.

ದುರಸ್ತಿಯ ಕ್ರಮ

ಹಳೆಯ ಹಾರ್ನ್ ಸಿಕ್ಕರೆ ಮೊದಲ ಕೆಲಸ ಬಣ್ಣ ಹಚ್ಚುವುದಲ್ಲ, ಪರೀಕ್ಷೆ.

1. ಮಲ್ಟಿಮೀಟರ್‌ನಿಂದ ಸುರುಳಿಯನ್ನು ಅಳೆಯಿರಿ. 8 ಓಮ್ ಯೂನಿಟ್ ಸಾಮಾನ್ಯವಾಗಿ 5ರಿಂದ 7 ತೋರಿಸುತ್ತದೆ. ಮೀಟರ್ ಏನನ್ನೂ ತೋರಿಸದಿದ್ದರೆ ತಂತಿ ಸುಟ್ಟಿದೆ ಅಥವಾ ಎಲ್ಲೋ ತುಂಡಾಗಿದೆ. ಪೊರೆ ಮತ್ತು ಸುರುಳಿ ಜೋಡಿಯಾಗಿ ಸಿಗುವುದರಿಂದ ಇಷ್ಟಕ್ಕೇ ಯೂನಿಟ್ ಎಸೆಯಬೇಕಾಗಿಲ್ಲ.

2. ನೇರವಾಗಿ ಆಂಪ್ಲಿಫೈಯರ್‌ಗೆ ಜೋಡಿಸಬೇಡಿ. ತಗ್ಗಿನ ಸ್ವರ ಹೋದರೆ ಏರು ಸ್ವರದ ಯೂನಿಟ್ಟಿನ ಪೊರೆ ಹರಿಯುತ್ತದೆ. ನಡುವೆ ಒಂದು ಕೆಪ್ಯಾಸಿಟರ್ ಇರಲಿ. 8 ಓಮ್ ಯೂನಿಟ್‌ಗೆ 500 ಹರ್ಟ್ಸ್‌ನಿಂದ ಮೇಲೆ ಮಾತ್ರ ಹೋಗಬೇಕೆಂದರೆ ಸುಮಾರು 40 ಮೈಕ್ರೊಫ್ಯಾರಡ್. ಪರೀಕ್ಷೆ ಮೆಲುದನಿಯಲ್ಲೇ ನಡೆಯಲಿ.

3. ಆಲ್ನಿಕೊ ಅಯಸ್ಕಾಂತವನ್ನು ಬಿಚ್ಚಲೇಬೇಡಿ. ಅದರ ಸುತ್ತಲಿನ ಕಬ್ಬಿಣದಿಂದ ಬೇರೆ ಮಾಡಿದರೆ ಶಕ್ತಿ ಕುಂದುತ್ತದೆ. ಸುರುಳಿ ಕೂರುವ ಸಂದಿನಲ್ಲಿ ಕಬ್ಬಿಣದ ಪುಡಿ ಇದ್ದರೆ ಅಂಟು ಟೇಪಿನಿಂದ ಎತ್ತಿ ತೆಗೆಯಬೇಕು, ಊದಿದರೆ ಹೋಗದು.

4. ಸ್ವರ ಹಂಚುವ ಕ್ರಾಸ್‌ಓವರ್ ಪೆಟ್ಟಿಗೆಯ ಹಳೆಯ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ಗಳು ಒಣಗಿರುತ್ತವೆ. ಅದೇ ಅಳತೆಯ ಹೊಸದನ್ನು ಹಾಕಿ, ಹಳೆಯದನ್ನು ಚೀಟಿ ಅಂಟಿಸಿ ತೆಗೆದಿಡಿ. ಮುಂದೆ ಮಾರುವಾಗ ಮೂಲ ಭಾಗಗಳಿಗೆ ಬೆಲೆ ಇದೆ.

5. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ಪ್ರೈಮರ್ ಹಚ್ಚಿ. ಇದಕ್ಕೆ ಮೊದಲು ಯೂನಿಟ್ಟನ್ನು ಕಳಚಿ ದೂರ ಇಡಿ. ಹಾರ್ನ್ ಕಿಣಿಗುಟ್ಟಿದರೆ ಹೊರಮೈಗೆ ರಬ್ಬರ್ ಅಥವಾ ಬಿಟುಮೆನ್ ಹಾಳೆ ಅಂಟಿಸಬಹುದು.

6. ವಾಲ್ವ್ ಆಂಪ್ಲಿಫೈಯರ್ ಒಳಗೆ ನೂರಾರು ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಉಳಿದಿರಬಹುದು. ಅದನ್ನು ಬಲ್ಲವರಿಗೇ ಬಿಡಿ.

ನಮ್ಮ ಭೋಂಗಾ ಹೈಫೈ ಆಗುತ್ತದೆಯೇ?

ನನ್ನ ಮಾಮು ಬಹಳ ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಡಿಜೆ ಪೆಟ್ಟಿಗೆಗಳು ಬಂದ ಮೇಲೆ ಅಂಗಡಿ ಮುಚ್ಚಿತು. ಅಟ್ಟದ ಮೇಲೆ ಆರು ಹಾರ್ನ್ ಉಳಿದಿವೆ. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾನೆ. “ಇಷ್ಟೆಲ್ಲ ಓದಿದ್ದೀಯಲ್ಲ ಬೇಟಾ, ಇವೂ ಲಕ್ಷ ಬಾಳುತ್ತವಾ?” ಎಂದು ಮಾಮು ಕೇಳಿದರು.

ಪ್ರಾಮಾಣಿಕ ಉತ್ತರ: ಇಲ್ಲ. ಕಂಬಕ್ಕೆ ಕಟ್ಟುವ ಈ ಹಾರ್ನ್ ಒಳಗೊಳಗೇ ಮಡಚಿಕೊಂಡಿರುವ ಬೇರೆ ಜಾತಿ. ಮಾತು ದೂರಕ್ಕೆ ಸ್ಪಷ್ಟವಾಗಿ ತಲುಪಲಿ ಎಂದೇ ಇದನ್ನು ಮಾಡಿರುವುದು. ತಗ್ಗಿನ ಸ್ವರವೂ ತೀರ ಏರಿನ ಸ್ವರವೂ ಇದರಲ್ಲಿ ಬರುವುದಿಲ್ಲ. ಅದಕ್ಕೇ ಅಜಾನ್, ಪ್ರಕಟಣೆ ಚೆನ್ನಾಗಿ ಕೇಳಿಸುತ್ತವೆ, ಹಾಡು ಹಾಕಿದರೆ ಡಬ್ಬಿಯಂತೆ ಕೇಳಿಸುತ್ತದೆ. ಕೆಲವು ಯೂನಿಟ್‌ಗಳಿಗೆ 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಕೂಡ ಇರುವುದರಿಂದ ಮನೆಯ ಆಂಪ್ಲಿಫೈಯರ್‌ಗೆ ಹಾಗೇ ಹೊಂದುವುದಿಲ್ಲ.

ಆದರೆ ಲಕ್ಷ ಬಾಳದ್ದೆಲ್ಲ ಗುಜರಿಯಲ್ಲ. ಮೀಟರ್ ಹಿಡಿದು ನೋಡಿದಾಗ ಆರರಲ್ಲಿ ನಾಲ್ಕರ ಸುರುಳಿ ಸರಿಯಾಗಿದ್ದವು. ಅವು ಇನ್ನೂ ಎಷ್ಟೋ ವರ್ಷ ಮಾತಿಗೆ ಬಳಕೆಯಾಗಬಲ್ಲವು. ಹೊಸದನ್ನು ಕೊಳ್ಳುವ ಖರ್ಚು ಉಳಿಯುತ್ತದಲ್ಲ, ಅದೇ ಅವುಗಳ ನಿಜವಾದ ಬೆಲೆ. ತೂಕದ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ತೋರಿಸಿದಾಗ ಮಾಮು ಕೆಟ್ಟ ಎರಡನ್ನು ಮಾತ್ರ ಕೊಡುವುದಾಗಿ ಒಪ್ಪಿದರು. ಅವುಗಳ ಅಲ್ಯೂಮಿನಿಯಂ ಬಾಯಿ ಮಾತ್ರ ಹೋಗುತ್ತದೆ, ಯೂನಿಟ್‌ಗಳು ಬಿಡಿಭಾಗಕ್ಕೆ ಉಳಿಯುತ್ತವೆ.

ಕಿವಿ ಮತ್ತು ನೆರೆಮನೆ

ಒಂದು ಎಚ್ಚರಿಕೆ. ಕಡಿಮೆ ಶಕ್ತಿಯಲ್ಲಿ ಹೆಚ್ಚು ಶಬ್ದ ಎಂಬುದು ಹಾರ್ನಿನ ಗುಣವೂ ಹೌದು, ಅಪಾಯವೂ ಹೌದು. ದಿನಕ್ಕೆ 8 ಗಂಟೆ ಕೇಳುವುದಾದರೆ 85 ಡೆಸಿಬೆಲ್ ಸುರಕ್ಷತೆಯ ಗಡಿ ಎನ್ನುತ್ತಾರೆ ತಜ್ಞರು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ. 94 ಡೆಸಿಬೆಲ್‌ಗೆ ಬಂದರೆ ಒಂದೇ ಗಂಟೆ. ಹಾಳಾದ ಪೊರೆಯನ್ನು ಬದಲಿಸಬಹುದು, ಒಳಕಿವಿಯ ಸೂಕ್ಷ್ಮ ಕೋಶಗಳನ್ನು ಬದಲಿಸಲಾಗದು. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ನೆರೆಯವರ ಹಕ್ಕಿನ ಮಾತು ನಮಗೆ ನಿಯಮಕ್ಕಿಂತ ಮೊದಲೇ ಮನೆಯಲ್ಲಿ ಕಲಿಸಿದ ಪಾಠ. ಒಳ್ಳೆಯ ಹಾರ್ನ್ ಸ್ಪೀಕರಿನ ಸೊಗಸು ಇರುವುದೂ ಮೆಲುದನಿಯಲ್ಲೇ, ಅಲ್ಲೇ ಅದು ಎಲ್ಲ ವಿವರಗಳನ್ನೂ ಬಿಡಿಸಿ ಹೇಳುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ, ಊರಿನ ಮುಚ್ಚಿದ ಟಾಕೀಸಿನಲ್ಲಿ, ಹಳೆಯ ಮೈಕ್ ಅಂಗಡಿಯಲ್ಲಿ ಇಂಥದ್ದೇನಾದರೂ ಇದ್ದರೆ ತಕ್ಕಡಿಗೆ ಹಾಕುವ ಮೊದಲು ಮೂರು ಕೆಲಸ ಮಾಡಿ: ಹಿಂಬದಿಯಲ್ಲಿರುವ ಹೆಸರು ಮತ್ತು ಸಂಖ್ಯೆಯನ್ನು ಬರೆದುಕೊಳ್ಳಿ, ಮೀಟರ್ ಹಿಡಿದು ನೋಡಿ, ಅದು ಮಾತಿನ ಹಾರ್ನೋ ಸಂಗೀತದ್ದೋ ತಿಳಿದುಕೊಳ್ಳಿ. ಅರ್ಧ ಗಂಟೆಯ ಕೆಲಸ. ಪುಸ್ತಕದಲ್ಲಿ ಸೊನ್ನೆಯಾದದ್ದು ನಿಜಕ್ಕೂ ಸೊನ್ನೆಯೇ ಎಂದು ಆಮೇಲೆ ನೀವೇ ನಿರ್ಧರಿಸಬಹುದು.