ಪಿಕಲ್‌ಬಾಲ್: ಆಟ ಸಣ್ಣದು, ತಕರಾರು ದೊಡ್ಡದು

ಮಹಾನಗರದ ಹೌಸಿಂಗ್ ಸೊಸೈಟಿಗಳಲ್ಲಿ ಜಗಳಕ್ಕೆ ಮೂರು ಖಾಯಂ ವಿಷಯಗಳಿದ್ದವು: ಪಾರ್ಕಿಂಗ್, ನೀರಿನ ಸೋರಿಕೆ ಮತ್ತು ಸಾಕುನಾಯಿ. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಪಿಕಲ್‌ಬಾಲ್. ಠಾಣೆಯ ನಮ್ಮ ಸೊಸೈಟಿಯಲ್ಲಂತೂ ಇದರ ಹೆಸರೆತ್ತಿದರೆ ಸಾಕು, ಜನ ಎರಡು ಪಂಗಡವಾಗುತ್ತಾರೆ. ‘ಈ ವಯಸ್ಸಿನಲ್ಲಿ ನಮ್ಮನ್ನು ಮನೆಯಿಂದ ಹೊರಗೆ ಎಳೆದು ತಂದದ್ದೇ ಈ ಆಟ’ ಎನ್ನುವವರು ಒಂದು ಕಡೆ. ‘ಇದೇನ್ರೀ ಆಟ! ಮುಂಜಾನೆ ಆರಕ್ಕ ಟಕ್ ಟಕ್ ಸುರು ಆತಂದ್ರ ತಲಿ ಒಡದ್ಹೋಗ್ತೈತಿ’ ಎನ್ನುವ ಒಂದನೇ ಮಹಡಿಯ ಧಾರವಾಡದ ಹಿರಿಯರು ಇನ್ನೊಂದು ಕಡೆ.

ಇವೆರಡರ ನಡುವೆ ಈಗ ಸಮಿತಿಯ ಪ್ರಸ್ತಾವವೊಂದು ಬಂದಿದೆ. ಕಟ್ಟಡದ ಹಿಂದಿರುವ ಏಕೈಕ ಬ್ಯಾಡ್ಮಿಂಟನ್ ಅಂಗಳವನ್ನು ಪಿಕಲ್‌ಬಾಲ್ ಕೋರ್ಟ್ ಮಾಡಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಗುತ್ತಿಗೆದಾರರೊಬ್ಬರಿಗೆ ವಹಿಸುವುದು. ಮುಂದಿನ ವಾರ್ಷಿಕ ಸಭೆಯಲ್ಲಿ ಇದು ಮತಕ್ಕೆ ಬರಲಿದೆ. ನಾನು ವಾರಕ್ಕೆರಡು ದಿನ ಈ ಆಟ ಆಡುವ ಪೈಕಿ. ಆದರೂ ನನ್ನ ಮತ ಈ ಪ್ರಸ್ತಾವಕ್ಕೆ ವಿರುದ್ಧ. ಆಟ ಬೇಕು, ಗುತ್ತಿಗೆ ಬೇಡ ಎನ್ನುವುದು ಏಕೆಂದು ಹೇಳಬೇಕಾದರೆ ಎರಡೂ ಕಡೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಹೆಸರಿನಲ್ಲಷ್ಟೇ ಉಪ್ಪಿನಕಾಯಿ

ಈ ಆಟ ಹುಟ್ಟಿದ್ದು 1965ರ ಬೇಸಿಗೆಯಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ. ಜೋಯೆಲ್ ಪ್ರಿಚರ್ಡ್ ಅವರ ಮನೆಯಲ್ಲಿ ಹಳೆಯ ಬ್ಯಾಡ್ಮಿಂಟನ್ ಅಂಗಳವೊಂದಿತ್ತು, ಸರಿಯಾದ ಸಾಮಾನು ಇರಲಿಲ್ಲ. ರಜೆಯಲ್ಲಿದ್ದ ಮಕ್ಕಳಿಗೆ ಬೇಸರ. ಪ್ರಿಚರ್ಡ್ ಮತ್ತು ಗೆಳೆಯ ಬಿಲ್ ಬೆಲ್ ಟೇಬಲ್ ಟೆನಿಸ್ ಬ್ಯಾಟು, ತೂತುಗಳಿರುವ ಪ್ಲಾಸ್ಟಿಕ್ ಚೆಂಡು ಹಿಡಿದು ಆಟ ಶುರುಮಾಡಿದರು. ಚೆಂಡು ನೆಲದಿಂದ ಚೆನ್ನಾಗಿ ಪುಟಿಯುತ್ತದೆಂದು ಕಂಡಾಗ ಬಲೆಯನ್ನು ಕೆಳಕ್ಕಿಳಿಸಿದರು. ಬಾರ್ನಿ ಮೆಕ್‌ಕ್ಯಾಲಮ್ ಎಂಬ ಇನ್ನೊಬ್ಬ ಗೆಳೆಯ ಕೈಜೋಡಿಸಿ ಮೂವರೂ ಸೇರಿ ನಿಯಮಗಳನ್ನು ಮಾಡಿದರು. ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಸೇರಿಸಿ ಮಾಡಿದ ಚಿತ್ರಾನ್ನದಂತಹ ಆಟವಿದು.

ಹೆಸರಿನ ಬಗ್ಗೆಯೂ ಎರಡು ಕಥೆಗಳಿವೆ. ದೋಣಿ ಸ್ಪರ್ಧೆಯಲ್ಲಿ ಅಳಿದುಳಿದವರನ್ನು ಕೂಡಿಸಿ ಕಟ್ಟುವ ತಂಡಕ್ಕೆ ‘ಪಿಕಲ್ ಬೋಟ್’ ಎನ್ನುವುದುಂಟು. ಅದರಿಂದಲೇ ಪ್ರಿಚರ್ಡ್ ಪತ್ನಿ ಜೋನ್ ಈ ಹೆಸರಿಟ್ಟರು ಎನ್ನುವುದು ಮನೆಯವರ ಮಾತು. ‘ಪಿಕಲ್ಸ್’ ಎಂಬ ಅವರ ಮನೆಯ ನಾಯಿಯಿಂದ ಬಂದ ಹೆಸರು ಎನ್ನುವುದು ಇನ್ನೊಂದು ಕಥೆ. ಆದರೆ ನಾಯಿ ಬಂದದ್ದು ಆಟ ಹುಟ್ಟಿದ ಮೇಲೆ ಎಂದು ಮನೆಯವರೇ ಹೇಳಿದ್ದಾರೆ. ಅಂತೂ ಹೆಸರಿನಿಂದ ಹಿಡಿದೇ ಭಿನ್ನಾಭಿಪ್ರಾಯ!

ಭಾರತದಲ್ಲಿ ಇದರ ಬೇರು ಮುಂಬಯಿಯಲ್ಲೇ ಇದೆ. ಇಲ್ಲಿನ ಸುನಿಲ್ ವಾಲಾವಲ್ಕರ್ ಆಟವನ್ನು ಪರಿಚಯಿಸಿದರು. 2008ರಲ್ಲಿ ಅಖಿಲ ಭಾರತ ಪಿಕಲ್‌ಬಾಲ್ ಸಂಘ ಹುಟ್ಟಿತು. ಬಹುಕಾಲ ಯಾರೂ ಗಮನಿಸದ ಈ ಆಟ ಕೋವಿಡ್ ನಂತರ ಒಮ್ಮೆಲೇ ಹಬ್ಬಿತು. 2025ರ ಆರಂಭದಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ವರ್ಲ್ಡ್ ಪಿಕಲ್‌ಬಾಲ್ ಲೀಗ್ ನಡೆದು, ಬೆಂಗಳೂರು ಜವಾನ್ಸ್ ತಂಡ ಮೊದಲ ಪ್ರಶಸ್ತಿ ಗೆದ್ದಿತು. ಅದೇ ವರ್ಷ ಕೇಂದ್ರ ಕ್ರೀಡಾ ಸಚಿವಾಲಯ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್ ಎಂಬ ಬೇರೊಂದು ಸಂಸ್ಥೆಗೆ ರಾಷ್ಟ್ರೀಯ ಒಕ್ಕೂಟದ ಮಾನ್ಯತೆ ಕೊಟ್ಟಿತು. ಹಳೆಯ ಸಂಘ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು. ಜಗಳ ಸೊಸೈಟಿಗಳಲ್ಲಿ ಮಾತ್ರ ಇಲ್ಲ!

ಹತ್ತು ನಿಮಿಷದಲ್ಲಿ ಒಲಿಯುವ ಆಟ

ಜನ ಇದಕ್ಕೆ ಮರುಳಾಗುವುದಕ್ಕೆ ಕಾರಣ ನಿಯಮಗಳಲ್ಲೇ ಇದೆ. ಅಂಗಳ 44 ಅಡಿ ಉದ್ದ, 20 ಅಡಿ ಅಗಲ. ಅಂದರೆ ಬ್ಯಾಡ್ಮಿಂಟನ್ ಡಬಲ್ಸ್ ಅಂಗಳದಷ್ಟೇ. ಬಲೆಯ ಎತ್ತರ ಬದಿಯಲ್ಲಿ 36 ಇಂಚು, ನಡುವೆ 34 ಇಂಚು. ಸರ್ವಿಸನ್ನು ಕೆಳಗಿನಿಂದಲೇ ಮಾಡಬೇಕು. ಹಾಗಾಗಿ ಟೆನಿಸ್‌ನಂತೆ ಮೊದಲ ಹೊಡೆತದಲ್ಲೇ ಎದುರಾಳಿಯ ಕಥೆ ಮುಗಿಸಲಾಗದು. ಸರ್ವಿಸಿನ ನಂತರ ಎರಡೂ ಕಡೆ ಒಂದೊಂದು ಸಲ ಚೆಂಡು ನೆಲಕ್ಕೆ ಬೀಳಲೇಬೇಕು. ಬಲೆಯ ಆಚೀಚೆ ಏಳೇಳು ಅಡಿ ಜಾಗಕ್ಕೆ ‘ಕಿಚನ್’ ಎಂದು ಹೆಸರು. ಅದರೊಳಗೆ ನಿಂತು ಗಾಳಿಯಲ್ಲಿರುವ ಚೆಂಡನ್ನು ಹೊಡೆಯುವಂತಿಲ್ಲ. ‘ಎಂತ ಮಾರಾಯ್ತಿ, ಹೆಂಗಸರಿಗೆ ಅಡುಗೆಮನೆಯಿಂದ ಹೊರಗೆ ನಿಲ್ಲು ಅಂತ ಹೇಳುವ ಆಟ ಇದೊಂದೇ!’ ಎಂದು ನನ್ನ ಜೊತೆ ಆಡುವ ಉಡುಪಿಯ ಗೆಳತಿ ನಗುತ್ತಿರುತ್ತಾಳೆ.

ಈ ನಿಯಮಗಳೆಲ್ಲ ಸೇರಿ ಬಲಶಾಲಿಯ ಬಲವನ್ನು ಸ್ವಲ್ಪ ಕಟ್ಟಿಹಾಕುತ್ತವೆ. ಹೊಸಬರು ಬ್ಯಾಡ್ಮಿಂಟನ್ ಅಂಗಳಕ್ಕಿಳಿದರೆ ಮೊದಲ ವಾರವೆಲ್ಲ ಬಿದ್ದ ಶಟಲ್ ಹೆಕ್ಕುವುದೇ ಕೆಲಸ. ಇಲ್ಲಿ ಹತ್ತೇ ನಿಮಿಷದಲ್ಲಿ ನಾಲ್ಕಾರು ಹೊಡೆತಗಳ ಆಟ ಸಾಧ್ಯ. ಅರವತ್ತರ ಅಜ್ಜ, ಹದಿನಾಲ್ಕರ ಮೊಮ್ಮಗಳು ಒಂದೇ ಅಂಗಳದಲ್ಲಿ ನಿಂತು ಆಡಬಹುದು. ಶಾಲೆಯಲ್ಲಿ ಟೆನಿಕಾಯ್ಟ್ ರಿಂಗ್ ಎಸೆದದ್ದೇ ಕೊನೆ, ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಯಾವ ಆಟವನ್ನೂ ಮುಟ್ಟಿರದ ಏಳೆಂಟು ಹೆಂಗಸರು ನಮ್ಮಲ್ಲಿ ಈಗ ಶೂ ಕಟ್ಟಿಕೊಂಡು ಇಳಿಯುತ್ತಾರೆ. ಇದನ್ನು ಸಣ್ಣ ಮಾತೆಂದು ತಳ್ಳಿಹಾಕಲಾರೆ.

‘ಇದೂ ಒಂದು ಆಟವೇ?’

ಬ್ಯಾಡ್ಮಿಂಟನ್, ಟೆನಿಸ್ ಬಲ್ಲವರ ತಕರಾರು ಬೇರೆ. ಬೆವರಿಲ್ಲ, ಕಸರತ್ತಿಲ್ಲ, ಇನ್‌ಸ್ಟಾಗ್ರಾಂ ಫೋಟೊಗೆಂದೇ ಹುಟ್ಟಿದ ಷೋಕಿ ಎಂದು ಅವರು ಮೂಗು ಮುರಿಯುತ್ತಾರೆ. ಅರ್ಧ ನಿಜ. ಒಂದೆರಡು ಸಾವಿರಕ್ಕೆ ಸಿಗುವ ಪ್ಯಾಡಲ್ ಬಿಟ್ಟು, ಹದಿನೈದು ಸಾವಿರದ್ದನ್ನು ಕೊಂಡು ಮೂರನೇ ವಾರಕ್ಕೆ ಅಟ್ಟಕ್ಕೇರಿಸಿದವರನ್ನು ನಾನೇ ನೋಡಿದ್ದೇನೆ. ಆದರೆ ಕಲಿಯಲು ಸುಲಭವಾದದ್ದೆಲ್ಲ ಆಡಲು ಸುಲಭವಲ್ಲ. ಹಿಂದಿನಿಂದ ಮೆತ್ತಗೆ ಎತ್ತಿ ಎದುರಾಳಿಯ ಕಿಚನ್ನಿಗೆ ಚೆಂಡನ್ನು ಇಳಿಬಿಡುವ ಹೊಡೆತ ತಿಂಗಳುಗಟ್ಟಲೆ ಅಭ್ಯಾಸ ಬೇಡುತ್ತದೆ. ಟೆನಿಸ್ ದಿಗ್ಗಜ ಆಂಡ್ರೆ ಅಗಾಸಿಯಂಥವರೇ 2025ರಲ್ಲಿ ಯುಎಸ್ ಓಪನ್ ಪಿಕಲ್‌ಬಾಲ್ ಅಂಗಳಕ್ಕಿಳಿದರು.

ಹೊಸ ಆಟವನ್ನು ಹೀಯಾಳಿಸುವವರಿಗೆ ಒಂದು ಮಾತು ನೆನಪಿಸಬೇಕು. ನಾವು ಈಗ ಸಾಂಪ್ರದಾಯಿಕ ಎನ್ನುವ ಬ್ಯಾಡ್ಮಿಂಟನ್ ಕೂಡ 1870ರ ದಶಕದಲ್ಲಿ ಪುಣೆಯ ಬ್ರಿಟಿಷ್ ಅಧಿಕಾರಿಗಳ ಹೊಸ ಷೋಕಿಯೇ ಆಗಿತ್ತು. ಆಗ ಅದನ್ನು ‘ಪೂನಾ’ ಎಂದೇ ಕರೆಯುತ್ತಿದ್ದರು. ಹಾಗೆಯೇ ಹುಚ್ಚಾಗಿ ಆಡುವವರೂ ಒಂದು ನೆನಪಿಡಬೇಕು. ನಮ್ಮೂರುಗಳಲ್ಲಿ ಹಳದಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್‌ಗೆ ಎಂಥ ಮೆರೆತವಿತ್ತು! ಐದೈದು ಜನರ ಆ ಆಟವನ್ನು ಇಂದು ಮಹಾನಗರದ ಎಷ್ಟು ಮಕ್ಕಳು ಕಂಡಿದ್ದಾರೆ? ಅಬ್ಬರದಿಂದ ಬಂದದ್ದೆಲ್ಲ ಉಳಿಯುವುದಿಲ್ಲ.

ಬೆವರಿಲ್ಲದ ಆಟ ಎಂಬುದನ್ನು ನಂಬಿ ಎಚ್ಚರ ತಪ್ಪುವವರೂ ಇದ್ದಾರೆ. ತಲೆಯ ಮೇಲಿಂದ ಹೋದ ಚೆಂಡಿಗಾಗಿ ಹಿಮ್ಮುಖವಾಗಿ ಓಡಿ ಬಿದ್ದು ಮಣಿಕಟ್ಟು ಮುರಿದುಕೊಳ್ಳುವುದು ಐವತ್ತು ದಾಟಿದ ಆಟಗಾರರ ದೊಡ್ಡ ಅಪಾಯ. ತಿರುಗಿ ಓಡಬೇಕು, ಇಲ್ಲವೇ ಅಂಕ ಬಿಟ್ಟುಕೊಡಬೇಕು. ವಾಕಿಂಗ್ ಶೂ ಸಾಲದು, ಬದಿಗೆ ಸರಿದಾಗ ಹಿಡಿತ ಕೊಡುವ ಕೋರ್ಟ್ ಶೂ ಬೇಕು.

ಟಕ್ ಟಕ್ ಸದ್ದು

ಧಾರವಾಡದ ಹಿರಿಯರ ದೂರು ಹುಸಿಯಲ್ಲ. ಶಟಲ್ ಗರಿಯದು, ತಾಗುವುದು ತಂತಿಗೆ. ಟೆನಿಸ್ ಚೆಂಡು ರಬ್ಬರಿನದು, ಮೇಲೆ ಉಣ್ಣೆಬಟ್ಟೆಯ ಹೊದಿಕೆ. ಇಲ್ಲಿ ಗಟ್ಟಿ ಪ್ಲಾಸ್ಟಿಕ್ ಚೆಂಡು ಗಟ್ಟಿ ಹಲಗೆಗೆ ಬಡಿಯುತ್ತದೆ. ಸದ್ದು ಚಿಕ್ಕದು, ಆದರೆ ಮೊನಚು. ಫ್ಯಾನಿನ ಗುಂಯ್ ಸದ್ದಿಗೆ ಕಿವಿ ಒಗ್ಗುತ್ತದೆ. ಲಯವಿಲ್ಲದೆ ಬಂದು ಬಡಿಯುವ ಟಕ್ಕಿಗೆ ಒಗ್ಗುವುದಿಲ್ಲ. ಅದರ ಮೇಲೆ ನಾಲ್ಕು ಕಡೆಯ ಕಟ್ಟಡದ ಗೋಡೆಗಳಿಗೆ ತಾಗಿ ಪ್ರತಿಧ್ವನಿಸುತ್ತದೆ. ಅಮೆರಿಕದಲ್ಲಿ ಇದೇ ಕಾರಣಕ್ಕೆ ನೆರೆಹೊರೆಯವರು ಕೋರ್ಟು ಮೆಟ್ಟಿಲೇರಿದ್ದಾರೆ. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಒಂದನೇ ಮಹಡಿಯ ಮಲಗುವ ಕೋಣೆಯ ಕಿಟಕಿಗೆ ಇಪ್ಪತ್ತು ಅಡಿ ದೂರದಲ್ಲಿ ಅಂಗಳವಿದ್ದರೆ ಈ ಮಿತಿ ಕಾಗದದ ಮೇಲಿನ ಮಾತಾಗಿಬಿಡುತ್ತದೆ. ಸದ್ದು ಕಡಿಮೆ ಮಾಡುವ ಪ್ಯಾಡಲ್, ಫೋಮ್ ಚೆಂಡು, ಬೇಲಿಗೆ ಶಬ್ದ ತಡೆಯುವ ಪರದೆ ಇವೆ. ಆದರೆ ಎಲ್ಲಕ್ಕಿಂತ ಅಗ್ಗದ ಮದ್ದು ಗಡಿಯಾರ. ಏಳಕ್ಕೆ ಮೊದಲು ಬೇಡ, ರಾತ್ರಿ ಒಂಬತ್ತರ ಮೇಲೆ ಬೇಡ ಎಂದರೆ ಅರ್ಧ ಜಗಳ ತೀರುತ್ತದೆ.

880 ಚದರಡಿ ಯಾರದು?

ಉಳಿದರ್ಧ ಜಗಳ ಜಾಗದ್ದು. 44 ಅಡಿಯನ್ನು 20ರಿಂದ ಗುಣಿಸಿದರೆ 880 ಚದರಡಿ. ಮುಂಬಯಿಯಲ್ಲಿ ಅದು ಒಂದು ಒಳ್ಳೆಯ ಟೂ ಬಿಎಚ್‌ಕೆ. ಸುತ್ತಲಿನ ಓಡಾಟದ ಜಾಗವನ್ನೂ ಸೇರಿಸಿ 60 ಅಡಿಗೆ 30 ಅಡಿ ಎಂದರೂ, ಒಂದು ಟೆನಿಸ್ ಕೋರ್ಟಿನ ಆವರಣದಲ್ಲಿ ನಾಲ್ಕು ಪಿಕಲ್‌ಬಾಲ್ ಅಂಗಳಗಳು ಹಿಡಿಸುತ್ತವೆ. ಪೆಡಲ್ ಮತ್ತು ಪಿಕಲ್‌ಬಾಲ್ ಹೆಚ್ಚು ಲಾಭದಾಯಕವಾದ್ದರಿಂದ ಕ್ಲಬ್ ಮಟ್ಟದ ಟೆನಿಸ್ ಅಪಾಯದಲ್ಲಿದೆ ಎಂದು 2024ರ ವಿಂಬಲ್ಡನ್ ವೇಳೆ ನೊವಾಕ್ ಜೊಕೊವಿಚ್ ಹೇಳಿದ್ದು ಈ ಲೆಕ್ಕವನ್ನೇ.

ಮುಂಬಯಿಯ ಹಲವು ಕಡೆ ಸಂಜೆಯ ಹೊತ್ತಿನ ಬಾಡಿಗೆ ಗಂಟೆಗೆ ಸಾವಿರ ರೂಪಾಯಿ ದಾಟುತ್ತದೆ. ನಾಲ್ವರು ಹಂಚಿಕೊಂಡರೂ ತಲೆಗೆ ಇನ್ನೂರೈವತ್ತು. ಕೆಲಸದಲ್ಲಿರುವವರಿಗೆ ಇದು ದೊಡ್ಡದಲ್ಲ. ಆದರೆ ಶಾಲೆಯಿಂದ ಬಂದು ಬ್ಯಾಗ್ ಎಸೆದು, ಮುರುಕು ಬ್ಯಾಟು ಹಿಡಿದು ಓಡಿ ಬರುವ ಹುಡುಗರಿಗೆ? ಕಾವಲುಗಾರರ, ಮನೆಗೆಲಸದವರ ಮಕ್ಕಳಿಗೆ? ನಮ್ಮ ಅಂಗಳದಲ್ಲಿ ಅವರಿಗೂ ಈವರೆಗೆ ಜಾಗವಿತ್ತು. ಆ್ಯಪ್‌ನಲ್ಲಿ ಬುಕ್ ಮಾಡಿದವರಿಗಷ್ಟೇ ಬಾಗಿಲು ತೆರೆಯುವ ದಿನ ಅವರು ಹೊರಗೆ. ಗುತ್ತಿಗೆಯಿಂದ ಬರುವ ಹಣದಲ್ಲಿ ತಿಂಗಳ ಮೇಂಟೆನೆನ್ಸ್ ಕಡಿಮೆಯಾಗುತ್ತದೆ ಎನ್ನುವ ವಾದ ಸಮಿತಿಯದು. ಅದು ಸುಳ್ಳಲ್ಲ. ಆದರೆ ಆ ಉಳಿತಾಯಕ್ಕೆ ಬೆಲೆ ತೆರುವವರು ಸಭೆಯಲ್ಲಿ ಮತವಿಲ್ಲದ ಮಕ್ಕಳು.

ಜಾಗ ಹಂಚಿಕೊಂಡು ಆಡುವುದು ನಮಗೇನೂ ಹೊಸದಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಬೆಂಗಳೂರು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಅದು ಮದುವೆ ನಡೆಯುವ ಹಾಲ್ ಕೂಡ ಆಗಿತ್ತು. ಮದುವೆಯಿದ್ದ ದಿನ ಆಟಕ್ಕೆ ರಜೆ, ಇಲ್ಲದ ದಿನ ಆಟ. ಒಂದೇ ನೆಲ ಎರಡಕ್ಕೂ ಒದಗಿತು.

ಹಾಗಾಗಿ ಸಭೆಯ ಮುಂದೆ ನಾನು ಇಡಲಿರುವ ಬದಲಿ ಸಲಹೆ ಸರಳ. ಅಂಗಳ ಎರಡೂ ಆಟಕ್ಕೆ ಒಂದೇ ಅಳತೆಯದು. ಬ್ಯಾಡ್ಮಿಂಟನ್ ಗೆರೆಗಳನ್ನು ಅಳಿಸದೆ, ಕಿಚನ್ ಮತ್ತು ನಡುಗೆರೆಯನ್ನು ಇನ್ನೊಂದು ಬಣ್ಣದಲ್ಲಿ ಬರೆದರೆ ಸಾಕು. ಎತ್ತಿಡಬಹುದಾದ ಬಲೆಯೊಂದನ್ನು ಕೊಳ್ಳೋಣ. ಬೆಳಿಗ್ಗೆ ಏಳರಿಂದ ಒಂಬತ್ತು ಪಿಕಲ್‌ಬಾಲ್. ಸಂಜೆ ನಾಲ್ಕರಿಂದ ಆರೂವರೆ ಮಕ್ಕಳದು, ಅದಕ್ಕೆ ಬುಕಿಂಗ್ ಇಲ್ಲ, ಹಣವಿಲ್ಲ, ಯಾವ ಆಟವಾದರೂ ಸರಿ. ಏಳರಿಂದ ಒಂಬತ್ತು ಒಂದು ದಿನ ಬ್ಯಾಡ್ಮಿಂಟನ್, ಒಂದು ದಿನ ಪಿಕಲ್‌ಬಾಲ್. ಪರೀಕ್ಷೆಯ ತಿಂಗಳಲ್ಲಿ ಫೋಮ್ ಚೆಂಡು ಮಾತ್ರ. ಆರು ತಿಂಗಳ ನಂತರ ಮತ್ತೆ ಕೂತು ನೋಡೋಣ.

ಇನ್ನು ಐದು ವರ್ಷಕ್ಕೆ ಈ ಆಟ ಬೇರೂರಿರಬಹುದು, ಬಾಲ್ ಬ್ಯಾಡ್ಮಿಂಟನ್‌ನಂತೆ ನೆನಪಾಗಿಯೂ ಹೋಗಿರಬಹುದು. ಅದನ್ನು ಇಂದೇ ತೀರ್ಮಾನಿಸುವ ಅಗತ್ಯ ನಮಗಿಲ್ಲ. ಆಟ ಹೋದರೆ ಗೆರೆಯ ಮೇಲೆ ಬೇರೆ ಬಣ್ಣ ಬಳಿಯಬಹುದು. ಆದರೆ ಒಮ್ಮೆ ಗಂಟೆ ಲೆಕ್ಕದ ಬಾಡಿಗೆಗೆ ಬಿದ್ದ ಅಂಗಳವನ್ನು ಮಕ್ಕಳಿಗೆ ಮರಳಿ ಕೊಡಿಸುವುದು ಕಷ್ಟ.